ಆಟದ ಶತ್ರು ದನ ಹೊಡೆದುಕೊಂಡು ಹೋಗುವುದಿಲ್ಲ

ಹೋದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳೆಯನೊಬ್ಬ ಲ್ಯಾಪ್‌ಟಾಪ್‌ನಲ್ಲಿ ‘ರಿಮ್‌ವರ್ಲ್ಡ್’ ಎಂಬ ಆಟ ಹಾಕಿಸಿಕೊಂಡು ಊರಿಗೆ ಬಂದಿದ್ದ. ಕೆನಡಾದ ಟೈನನ್ ಸಿಲ್ವೆಸ್ಟರ್ ರೂಪಿಸಿದ ಆಟ ಅದು, ಪೂರ್ತಿಯಾಗಿ ಬಿಡುಗಡೆಯಾದದ್ದು 2018ರಲ್ಲಿ. ಗುರುತಿಲ್ಲದ ಒಂದು ಲೋಕಕ್ಕೆ ಬಂದು ಬಿದ್ದ ನಾಲ್ಕಾರು ಜನ ಮನೆ ಕಟ್ಟಿ, ಬೆಳೆ ತೆಗೆದು, ದನ ಕುರಿ ಕೋಳಿ ಸಾಕಿ ಬದುಕು ಮಾಡಬೇಕು. ಆಗಾಗ ದರೋಡೆಕೋರರು ಬೀಳುತ್ತಾರೆ. ಜಗಲಿಯ ಮೇಲೆ ನಾವೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ದಾಳಿಯಾಯಿತು. ಮನೆಗೆ ಬೆಂಕಿ ಬಿತ್ತು, ಗಾಯಗೊಂಡು ಬಿದ್ದವನೊಬ್ಬನನ್ನು ಶತ್ರುಗಳು ಹೊತ್ತುಕೊಂಡು ಹೋದರು. ಬೇಲಿಯೊಳಗಿನ ಹಸುಗಳು ಹಾಗೇ ನಿಂತಿದ್ದವು.

ಪಕ್ಕದ ಮನೆಯ ಅಜ್ಜ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು ಕೇಳಿದರು: “ಅಲ್ಲ ಕಣ್ರೋ, ದನ ಯಾಕೆ ಹೊಡ್ಕಂಡು ಹೋಗ್ಲಿಲ್ಲ ಅವ್ರು?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಹುಡುಕಲು ಹೊರಟಿದ್ದೇ ಈ ಬರಹ.

ಮೊದಲು ಆಟಗಳ ಕಡೆ ನೋಡೋಣ. ರಿಮ್‌ವರ್ಲ್ಡ್‌ನಲ್ಲಿ ದರೋಡೆಕೋರರು ಸಾಮಾನು ಕದಿಯುತ್ತಾರೆ, ಮನುಷ್ಯರನ್ನು ಎತ್ತಿಕೊಂಡು ಹೋಗುತ್ತಾರೆ. ಜೀವಂತ ದನವನ್ನು ಅಟ್ಟಿಕೊಂಡು ಹೋಗುವುದು ಅವರಿಗೆ ಗೊತ್ತಿಲ್ಲ. ಗುಂಡಿನ ನಡುವೆ ಸಿಕ್ಕ ಹಸು ಸಾಯಬಹುದು, ಅಷ್ಟೇ. ದನಕ್ಕೆ ಅಲ್ಲಿ ಬೇಕೆಂದೇ ಬರುವ ವೈರಿ ಎಂದರೆ ಹಸಿದ ತೋಳ, ಚಿರತೆಯಂಥ ಕಾಡುಪ್ರಾಣಿ. ಈ ಜಾತಿಯ ಆಟಗಳಿಗೆ ಹಿರಿಯಣ್ಣನಂತಿರುವುದು ಅಮೆರಿಕದ ಆಡಮ್ಸ್ ಸಹೋದರರು 2006ರಲ್ಲಿ ಹೊರತಂದ ‘ಡ್ವಾರ್ಫ್ ಫೋರ್ಟ್ರೆಸ್’. ಅದರಲ್ಲಿ ಕಳ್ಳರು ಕೂಸುಗಳನ್ನೇ ಕದಿಯಲು ಬರುತ್ತಾರೆ. ಅವರನ್ನು ಪತ್ತೆಹಚ್ಚಲು ಆಡುವವರು ಬಾಗಿಲಲ್ಲಿ ನಾಯಿ ಕಟ್ಟುತ್ತಾರೆ, ನಾವು ಕೊಟ್ಟಿಗೆ ಮುಂದೆ ಕಟ್ಟುವ ಹಾಗೆಯೇ. ನಿಮ್ಮ ಮನೆಯ ಮಕ್ಕಳು ಫೋನಿನಲ್ಲಿ ಆಡುವ ‘ಮೈನ್‌ಕ್ರಾಫ್ಟ್’ನಲ್ಲೂ 2019ರಿಂದ ಊರಿನ ಮೇಲೆ ದಾಳಿ ನಡೆಯುತ್ತದೆ. ದಾಳಿಕೋರರು ಊರಿನವರನ್ನು ಕೊಲ್ಲುತ್ತಾರೆ, ಹಸುವನ್ನು ಅದರ ಪಾಡಿಗೆ ಬಿಡುತ್ತಾರೆ. ನಮಗೆ ಕಂಡ ಒಂದು ಹೊರತು ಎಂದರೆ 1999ರ ‘ಏಜ್ ಆಫ್ ಎಂಪೈರ್ಸ್ 2’. ಅದು ಯುದ್ಧದ ಆಟ, ಬದುಕು ಕಟ್ಟುವ ಜಾತಿಯದಲ್ಲ. ಆದರೆ ಅಲ್ಲಿ ಕುರಿ ಬಳಿ ನಿಮ್ಮವರು ಯಾರೂ ಇಲ್ಲದಾಗ ಶತ್ರುವಿನ ಆಳು ಹತ್ತಿರ ಬಂದರೆ ಕುರಿ ಅವನ ಪಾಲು. ಅಜ್ಜನಿಗೆ ಅದನ್ನು ತೋರಿಸಿದ್ದರೆ ತಲೆಯಾಡಿಸುತ್ತಿದ್ದರೋ ಏನೋ.

ಈಗ ಊರಾಚೆಯ ಕಲ್ಲಿನ ಹತ್ತಿರ ಬನ್ನಿ.

ಕರ್ನಾಟಕದ ಎಷ್ಟೋ ಊರುಗಳಲ್ಲಿ ಕೆರೆ ಏರಿ ಮೇಲೋ, ಗುಡಿಯ ಹಿಂದೋ, ಹೊಲದ ಬದುವಿನಲ್ಲೋ ಒಂದು ವೀರಗಲ್ಲು ಇರುತ್ತದೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಗಂಗರು, ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರ ಕಾಲದ ಇಂಥ ಕಲ್ಲುಗಳು ಸಾವಿರಗಟ್ಟಲೆ ಇವೆ. ಸಾಮಾನ್ಯವಾಗಿ ಮೂರು ಅಂಕಣ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿದ್ದಾನೆ, ಪಕ್ಕದಲ್ಲಿ ಸೂರ್ಯ ಚಂದ್ರ. ಕೆಳಗಿನ ಅಂಕಣವನ್ನು ಸ್ವಲ್ಪ ನೀರು ಹಾಕಿ ತೊಳೆದು ನೋಡಿ. ಬಿಲ್ಲು ಹಿಡಿದವನ ಬಳಿ ಸಣ್ಣದಾಗಿ ಕೆತ್ತಿದ ಹಸುಗಳು ಕಂಡರೆ ಅದು ತುರುಗೋಳ್ ಕಲ್ಲು.

ತುರು ಎಂದರೆ ದನ, ಕೊಳ್ ಎಂದರೆ ವಶ ಮಾಡಿಕೊಳ್ಳುವುದು. 12ನೇ ಶತಮಾನದ ವಚನಕಾರ ತುರುಗಾಹಿ ರಾಮಣ್ಣನ ಹೆಸರಿನಲ್ಲಿ ಇರುವುದೂ ಇದೇ ತುರು. ಶಾಸನಗಳು ಶತ್ರುವಿನ ಕೆಲಸಕ್ಕೆ ಬೇರೆ ಬೇರೆ ಹೆಸರಿಟ್ಟಿವೆ. ಊರನ್ನು ಹಾಳು ಮಾಡಿದರೆ ಊರಳಿವು. ಹೆಂಗಸರನ್ನು ಹಿಡಿದಾಗ ಏಳುವ ಮೊರೆ ಪೆಣ್ಬುಯ್ಯಲ್. ನಾವು ಇವತ್ತು ‘ಹುಯಿಲೆಬ್ಬಿಸಿದರು’ ಎನ್ನುತ್ತೇವಲ್ಲ, ಆ ಹುಯಿಲು ಈ ಪುಯ್ಯಲ್ಲೇ. ದನ ಹಿಡಿದರೆ ತುರುಗೋಳ್. ಆಟದ ಶತ್ರು ಊರು ಸುಡುತ್ತಾನೆ, ಜನರನ್ನು ಎಳೆದೊಯ್ಯುತ್ತಾನೆ. ಈ ಮೂರರಲ್ಲಿ ಅವನು ಕಲಿಯದೆ ಬಿಟ್ಟಿರುವುದು ತುರುಗೋಳ್ ಒಂದನ್ನೇ.

ಅಂದಿನ ಶತ್ರುವಿಗೆ ದನವೇ ಯಾಕೆ ಬೇಕಾಗಿತ್ತು? ಯೋಚಿಸಿದರೆ ಸರಳ. ಲೂಟಿ ಮಾಡಿದ ರಾಗಿ, ಭತ್ತವನ್ನು ಯಾರಾದರೂ ಹೊರಬೇಕು. ದನ ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತದೆ. ಅದೂ ಅಲ್ಲದೆ ಒಂದು ಊರಿನ ದನ ಹೋಯಿತೆಂದರೆ ಹಾಲಷ್ಟೇ ಹೋಗುವುದಿಲ್ಲ. ಗೊಬ್ಬರ ಹೋಗುತ್ತದೆ, ಉಳುವ ಎತ್ತು ಹೋಗುತ್ತದೆ, ಮುಂದಿನ ವರ್ಷದ ಬಿತ್ತನೆಯೂ ಹೋಗುತ್ತದೆ. ಸಂಜೆ ಒಂದು ಹಸು ಹಟ್ಟಿಗೆ ಬರದಿದ್ದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಊಟ ಸೇರುವುದಿಲ್ಲ. ಇಡೀ ಮಂದೆಯೇ ಬರದಿದ್ದರೆ?

ಆದ್ದರಿಂದಲೇ ದನ ಹಿಡಿಯುವುದು ಯುದ್ಧ ಸಾರುವ ರೀತಿಯೂ ಆಗಿತ್ತು. ಮಹಾಭಾರತದ ವಿರಾಟಪರ್ವ ನೆನಪಿಸಿಕೊಳ್ಳಿ. ತ್ರಿಗರ್ತದ ಸುಶರ್ಮ ಒಂದು ಕಡೆ, ಕೌರವರು ಇನ್ನೊಂದು ಕಡೆ, ವಿರಾಟನ ಗೋವುಗಳನ್ನು ಹಿಡಿಯುತ್ತಾರೆ. ಬೃಹನ್ನಳೆಯ ವೇಷದ ಅರ್ಜುನ ಹೊರಬರಲೇಬೇಕಾಗುತ್ತದೆ. ತಮಿಳಿನ ಹಳೆಯ ತೊಲ್ಕಾಪ್ಪಿಯಂ ವ್ಯಾಕರಣವಂತೂ ದನ ಹಿಡಿಯುವ ಕಾಳಗಕ್ಕೆ ವೆಟ್ಚಿ ಹೂವಿನ ಹೆಸರನ್ನೇ ಇಟ್ಟಿದೆ. ಹಿಡಿಯಲು ಹೋಗುವವರು ಆ ಹೂ ಮುಡಿಯುತ್ತಿದ್ದರು, ಬಿಡಿಸಿಕೊಳ್ಳಲು ಹೋಗುವವರು ಕರಂದೈ ಮುಡಿಯುತ್ತಿದ್ದರು. ಅಂದರೆ ಕದಿಯುವುದೂ ಒಂದು ಪೌರುಷ ಎಂದು ಒಪ್ಪಿದ್ದ ಕಾಲ ಅದು. ನಮ್ಮ ಊರಿನ ಕಲ್ಲುಗಳು ಹೆಚ್ಚಾಗಿ ಬಿಡಿಸಿಕೊಂಡವರ ಕಡೆಯ ಮಾತನ್ನೇ ಹೇಳುತ್ತವೆ. ನಮ್ಮವನು ದನ ಮರಳಿಸಿ ಸತ್ತ ಎಂದು ಬರೆದ ಕಲ್ಲು ಇಲ್ಲಿದ್ದರೆ, ಅದೇ ಕಾಳಗದಲ್ಲಿ ಸತ್ತ ಆಚೆ ಊರಿನವನ ಮನೆಯಲ್ಲೂ ಯಾರೋ ಅತ್ತಿರಬೇಕು. ಇದನ್ನು ಮರೆಯಬಾರದು.

ಸತ್ತವನ ಮನೆಯವರ ಗತಿ? ಇಲ್ಲಿ ಕಲ್ಲು ಬರೀ ಹೊಗಳಿ ಸುಮ್ಮನಾಗುವುದಿಲ್ಲ. ಹಲವು ಶಾಸನಗಳಲ್ಲಿ ಅವನ ಕುಟುಂಬಕ್ಕೆ ಭೂಮಿ ಬಿಟ್ಟ ವಿವರ ಇದೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ರಕ್ತಕ್ಕೆ ಕೊಟ್ಟ ಹೊಲ. ಎಷ್ಟು ಗದ್ದೆ, ಎಲ್ಲಿ ಗದ್ದೆ ಎಂದು ಬರೆದು, ಇದನ್ನು ಕೆಡಿಸಿದವನಿಗೆ ಪಾಪ ತಟ್ಟಲಿ ಎಂದು ಶಾಪವನ್ನೂ ಹಾಕಿರುತ್ತಾರೆ. ನಮ್ಮ ಕಂದಾಯ ದಾಖಲೆಗಿಂತ ಗಟ್ಟಿ!

ಕಾಲ ಬದಲಾದಂತೆ ಶತ್ರು ದನವನ್ನು ನೋಡುವ ಕಣ್ಣೂ ಬದಲಾಯಿತು. ಹೈದರ್, ಟಿಪ್ಪು ಕಾಲಕ್ಕೆ ಎತ್ತು ಎಂದರೆ ಫಿರಂಗಿ ಎಳೆಯುವ ಬಲ. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬಂದೂ ಹಿಂದಿರುಗಬೇಕಾಯಿತು. ಮೇವಿಲ್ಲದೆ, ರೋಗ ಬಡಿದು ಅವನ ಎತ್ತುಗಳು ಸತ್ತಿದ್ದವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನೇ ಹಾಳುಗೆಡವಿ ಹೋದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಮೃತಮಹಲ್ ಮಂದೆ ಬ್ರಿಟಿಷರ ಕೈ ಸೇರಿತು. ಒಂದು ರೀತಿಯಲ್ಲಿ ಅದೂ ತುರುಗೋಳೇ, ಕಲ್ಲು ನಿಲ್ಲಿಸಲು ಮಾತ್ರ ಯಾರೂ ಇರಲಿಲ್ಲ.

ಹಾಗಾದರೆ ಆಟ ಮಾಡಿದವರು ಇದನ್ನು ಯಾಕೆ ಬಿಟ್ಟರು? ನಮ್ಮ ಅಂದಾಜು ಇಷ್ಟು. ಆಟದಲ್ಲಿ ಹಸು ಎಂದರೆ ಇಷ್ಟು ಹಾಲು, ಇಷ್ಟು ಮಾಂಸ, ಇಷ್ಟು ಚರ್ಮ ಎಂಬ ಲೆಕ್ಕ. ಒಂದು ಹೋದರೆ ಇನ್ನೊಂದು ಕೊಂಡರಾಯಿತು. ಅದಕ್ಕಾಗಿ ಪ್ರಾಣ ಕೊಡುವವನು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ಓದಿಕೊಂಡು ಅಜ್ಜನ ಬಳಿ ಹೋಗಿ ಹೇಳಿದೆವು. ಅವರು ಪೂರ್ತಿ ಕೇಳಿ, ಕೆರೆ ಏರಿ ಮೇಲಿನ ಕಲ್ಲನ್ನು ಕೈಯಲ್ಲಿ ತೋರಿಸಿ, “ಅದ್ರಲ್ಲಿ ದನ ಐತಾ ನೋಡಿದ್ರಾ?” ಎಂದರು. ನಾವು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಕೊಡ ನೀರು, ತೆಂಗಿನ ನಾರು ತೆಗೆದುಕೊಂಡು ಹೋದೆವು. ಪಾಚಿಯ ಅಡಿಯಲ್ಲಿ ಮೂರು ಹಸು ಇದ್ದವು, ಒಂದು ಕರು.