ಸೊಸೈಟಿ ಅಕ್ಕಿಯ ಕಡತಕ್ಕೆ ಆಯಸ್ಸೆಷ್ಟು?

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಲ್ಲಿ ತಾತನ ಕಾಲದ ಗದ್ದೆಗೆ ಯಾರಾದ್ರೂ ತಕರಾರು ತೆಗೆದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹುಡುಕಿಸಬಹುದು. ಗೆದ್ದಲು ಬಿಟ್ಟ ಹಳೇ ಪಹಣಿನೋ, ಖಾತೆ ಬದಲಾದ ಕಾಗದನೋ ಏನಾದ್ರೂ ಸಿಗಬಹುದು. ಅದೇ ಮನೆಯ ಅಜ್ಜಿಗೆ ರೇಷನ್ ಕಾರ್ಡು ಯಾವ ವರ್ಷ ಬಂತು, ಯಾಕೆ ರದ್ದಾಯ್ತು ಅಂತ ಕೇಳಿ ನೋಡಿ!

ಕಾರಣ ಹಳೇದು. ಭೂಮಿಯಿಂದ ಕಂದಾಯ ಬರುತ್ತೆ, ಹಾಗಾಗಿ ಸರ್ಕಾರ ಅದನ್ನ ಮರೆಯಲ್ಲ. ಪಡಿತರ ಹುಟ್ಟಿದ್ದು ಮಾತ್ರ ತಾತ್ಕಾಲಿಕ ಏರ್ಪಾಡಾಗಿ. ಎರಡನೇ ಮಹಾಯುದ್ಧ, 1943ರ ಬಂಗಾಳದ ಕ್ಷಾಮ, ಅಕ್ಕಿಗೆ ಹಾಹಾಕಾರ. ಪೇಟೆಯವರ ಕೈಗೆ ಕಾರ್ಡು, ನಾಲೆ ಬಯಲಿನ ರೈತರ ಭತ್ತಕ್ಕೆ ಲೆವಿ. 1954ರ ಹೊತ್ತಿಗೆ ಕೇಂದ್ರದ ಆಹಾರ ಮಂತ್ರಿ ರಫಿ ಅಹಮದ್ ಕಿದ್ವಾಯಿ ನಿಯಂತ್ರಣವನ್ನೇ ಎತ್ತಿಹಾಕಿದರು. ಬರಗಾಲ ಬಂತು, 1965ರಲ್ಲಿ ಭಾರತೀಯ ಆಹಾರ ನಿಗಮ ಬಂತು, ಪಡಿತರ ಖಾಯಂ ಆಯ್ತು. ಕಾಗದದ ಬಗೆಗಿನ ಬುದ್ಧಿ ಮಾತ್ರ ತಾತ್ಕಾಲಿಕವಾಗೇ ಉಳೀತು ಅಂತ ನನ್ನ ಅನುಮಾನ.

ನಮ್ಮ ರಾಜ್ಯದ ಕಚೇರಿಗಳಲ್ಲಿ ಕಡತ ಮುಗಿದಾಗ ಅದಕ್ಕೊಂದು ಅಕ್ಷರ ಬೀಳುತ್ತೆ. ‘ಎ’ ಅಂದ್ರೆ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ಅದರ ಕೆಳಗಿನವು ಇನ್ನೂ ಅಲ್ಪಾಯುಷಿಗಳು. ಬಡವರ ಮನೆಯ ಅರ್ಜಿ ಎಷ್ಟು ದಿನ ಬದುಕಬೇಕು ಅನ್ನೋದನ್ನ ಈ ಒಂದಕ್ಷರ ನಿರ್ಧರಿಸುತ್ತೆ. ಅಮೆರಿಕದ ಫುಡ್ ಸ್ಟ್ಯಾಂಪ್ ಯೋಜನೆಯಲ್ಲಿ (2008ರಿಂದ ಅದರ ಹೆಸರು ಸ್ನ್ಯಾಪ್) ಕಡತ ಇಡಬೇಕಾದ್ದು 3 ವರ್ಷ. ಇದು ಲೆಕ್ಕಪರಿಶೋಧಕರ ಲೆಕ್ಕ: ಆಡಿಟ್ ಮುಗಿದ್ರೆ ಕಾಗದದ ಕೆಲಸನೂ ಮುಗೀತು. ಅರ್ಜಿದಾರನ ಕೆಲಸ ಆಗ ಶುರುವಾಗಿರಬಹುದು, ಅದು ಬೇರೆ ಮಾತು.

ಕಾಗದ ತೋರಿಸಿ ಅಂತ ಹಟ ಹಿಡಿದವರು ರಾಜಸ್ಥಾನದ ಹಳ್ಳಿಗರು. 1994ರಿಂದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿ ಲೆಕ್ಕದ ಪಟ್ಟಿಗಳನ್ನ ಊರ ಮುಂದೆ ಗಟ್ಟಿಯಾಗಿ ಓದಿಸಿದರು. ಆ ಹಟವೇ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಯಾಯ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 27ನೇ ಸೆಕ್ಷನ್ ಪಡಿತರದ ಎಲ್ಲ ದಾಖಲೆಗಳನ್ನೂ ಜನರ ಪರಿಶೀಲನೆಗೆ ತೆರೆದಿಡಬೇಕು ಅನ್ನುತ್ತೆ. ಸರಿ, ತೆರೆದಿಡೋಕೆ ಮೊದಲು ಅವು ಇರಬೇಕಲ್ಲ?

ಈಗ ಎಲ್ಲ ಕಂಪ್ಯೂಟರ್‌ನಲ್ಲಿದೆ ಬಿಡಿ ಅಂತೀರಾ? ಅಲ್ಲಿ ಇನ್ನೊಂದು ಫಜೀತಿ. ಬೆರಳಚ್ಚು ಕೊಟ್ಟ ವಿವರ ವರ್ಷಗಟ್ಟಲೆ ಉಳಿದ್ರೆ ಯಾರು ಯಾವತ್ತು ಎಲ್ಲಿದ್ರು ಅನ್ನೋ ಡೈರಿಯೇ ಆಗುತ್ತೆ. ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲಿ ಇಂಥ ದೃಢೀಕರಣದ ದಾಖಲೆಯನ್ನ 5 ವರ್ಷ ಇಡೋ ನಿಯಮ ಹೊಡೆದುಹಾಕಿ, 6 ತಿಂಗಳು ಸಾಕು ಅಂದಿತು. ನನ್ನ ಕೇಳಿದ್ರೆ ಬೆರಳಚ್ಚಿನ ಲೆಕ್ಕ ಬೇಗ ಸಾಯಲಿ, ಕಾರ್ಡು ಕೊಟ್ಟ ಮತ್ತು ಕಿತ್ತುಕೊಂಡ ಆದೇಶ ಮಾತ್ರ ಪಹಣಿಯಷ್ಟೇ ದಿನ ಬದುಕಲಿ. ಜಮೀನಿಲ್ಲದವರ ಮನೆಯಲ್ಲಿ ವಿಳಾಸ, ಮಕ್ಕಳ ಹೆಸರು, ವಯಸ್ಸು ಎಲ್ಲ ಒಟ್ಟಿಗೆ ಇರೋ ಹಳೇ ಸರ್ಕಾರಿ ಕಾಗದ ಅಂದ್ರೆ ಎಷ್ಟೋ ಸಲ ಆ ರಟ್ಟಿನ ಕಾರ್ಡು ಒಂದೇ.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ಶುರುವಾಗಿ ದೊಡ್ಡ ಗದ್ದಲ ಆಯ್ತು. ಅರ್ಹರ ಕಾರ್ಡು ಮುಟ್ಟಲ್ಲ ಅಂತ ಸರ್ಕಾರ ಹೇಳಬೇಕಾಯ್ತು. ಯಾರು ಅರ್ಹರು ಅಂತ ತೀರ್ಮಾನಿಸೋಕೆ, ಹಿಂದೆ ಕಾರ್ಡು ಕೊಟ್ಟಾಗ ಇನ್‌ಸ್ಪೆಕ್ಟರು ಏನು ನೋಡಿ ಷರಾ ಬರೆದಿದ್ರು ಅನ್ನೋ ಹಾಳೆ ಬೇಕು.