ಎಂಜಿನಿಗೂ ಚಳಿಯುಂಟು: ಡೀಸೆಲ್ ಲಾರಿಯನ್ನು ಎಬ್ಬಿಸಿದ ಕಥೆ

ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗೆ ಇಟ್ಟ ಹೊರತು ಇಳಿಯೋದಿಲ್ಲ. ಡೀಸೆಲ್ ಎಣ್ಣೆಯದೂ ಹೆಚ್ಚು ಕಡಮೆ ಇದೇ ಗುಣ. ನಮ್ಮ ಸೀಮೆಯ ಚಳಿಗೆ ಅದು ಜಗ್ಗುವುದಿಲ್ಲ ಅನ್ನಿ; ಹಿಮ ಬೀಳುವ ನಾಡಿನಲ್ಲಿ ಮಾತ್ರ ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚಿಬಿಡುತ್ತದೆ.

ಎಣ್ಣೆ ಹರಿದರೂ ಎಂಜಿನ್ ಹತ್ತಿಕೊಳ್ಳಬೇಕಲ್ಲ? ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಸೂತ್ರ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾವಿಗೇ ಎಣ್ಣೆ ಹತ್ತಿಕೊಳ್ಳಬೇಕು. ಎಂಜಿನಿನ ಕಬ್ಬಿಣವೆಲ್ಲ ಹಿಮದಂತೆ ತಣ್ಣಗಿದ್ದರೆ ಆ ಕಾವನ್ನು ಅದೇ ಹೀರಿಕೊಳ್ಳುತ್ತದೆ. ಮೇಲಾಗಿ ಕೀಲೆಣ್ಣೆ ಅಂಟಿನಂತೆ ದಪ್ಪವಾಗಿರುತ್ತದೆ, ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಇನ್ನು ಎಂಜಿನ್ ಏಳುವುದೆಂತು?

ಡೀಸೆಲಿನ ದಾಯಾದಿಯೊಂದು ಇತ್ತು. 1921ರಲ್ಲಿ ಫ್ರಿಟ್ಜ್ ಹ್ಯೂಬರ್ ರಚಿಸಿದ ಲಾಂಜ್ ಬುಲ್‌ಡಾಗ್ ಟ್ರಾಕ್ಟರು. ಒಂದೇ ಸಿಲಿಂಡರು. ಅದರ ತಲೆಯ ಕಬ್ಬಿಣದ ಬುಡ್ಡಿಯನ್ನು ಬ್ಲೋ ಲ್ಯಾಂಪಿನ ಜ್ವಾಲೆಯಿಂದ ಹಲವು ನಿಮಿಷ ಕಾಯಿಸಬೇಕು. ಆಮೇಲೆ ಸ್ಟಿಯರಿಂಗ್ ಚಕ್ರವನ್ನು ಕಿತ್ತು, ಪಕ್ಕದ ಫ್ಲೈವೀಲಿಗೆ ಸಿಕ್ಕಿಸಿ ಹಿಂದೆ ಮುಂದೆ ತೂಗಬೇಕು. ತೊಟ್ಟಿಲು ತೂಗಿದ ಹಾಗೆ! ಒಲೆ ಹಚ್ಚದೆ ಅಡುಗೆಯಿಲ್ಲ, ಬುಡ್ಡಿ ಕಾಯದೆ ಉಳುಮೆಯಿಲ್ಲ ಎಂಬ ಕಾಲ ಅದು. ಲಾರಿಗಳಿಗೆ ಡೀಸೆಲ್ ಎಂಜಿನ್ ಬಂದದ್ದೂ 1920ರ ದಶಕದಲ್ಲೇ. ಅವುಗಳಲ್ಲಿ ಹಲವಕ್ಕೆ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಸಣ್ಣ ತಂತಿಯನ್ನು ಇಟ್ಟರು. ನಮ್ಮ ಡ್ರೈವರುಗಳ ಬಾಯಲ್ಲಿ ಅದು 'ಹೀಟರ್ ಪ್ಲಗ್'.

ಚಳಿಯ ನಿಜವಾದ ಪರೀಕ್ಷೆ ನಡೆದದ್ದು 1942ರಲ್ಲಿ, ಅಲಾಸ್ಕಾ ಹೆದ್ದಾರಿಯಲ್ಲಿ. ಯುದ್ಧದ ಕಾಲ. ಕೆನಡಾದ ಕಾಡು, ಬೆಟ್ಟ, ಕೆಸರುಗಳ ನಡುವೆ ಅಮೆರಿಕದ ಸೈನ್ಯ ಎಂಟೇ ತಿಂಗಳಲ್ಲಿ 1,500 ಮೈಲಿಗೂ ಮಿಕ್ಕ ಕಚ್ಚಾ ರಸ್ತೆ ತೆರೆಯಿತು. ಏಳು ರೆಜಿಮೆಂಟುಗಳಲ್ಲಿ ಮೂರು ಕರಿಯ ಸೈನಿಕರವು. ಅವರಲ್ಲಿ ಬಹುಮಂದಿ ದಕ್ಷಿಣದ ಬೆಚ್ಚನೆ ಸೀಮೆಯವರು. ಹಿಮವನ್ನು ಕಂಡವರೇ ಅಲ್ಲ. ಡೇರೆಯಲ್ಲೇ ಅವರ ವಾಸ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿದಾಗ ಲಾರಿ, ಬುಲ್ಡೋಜರುಗಳನ್ನು ಇರುಳೆಲ್ಲ ಆರಿಸದೆ ಓಡಲು ಬಿಡುತ್ತಿದ್ದರು. ಆರಿಸಿದರೆ ಮತ್ತೆ ಎದ್ದೀತೆಂಬ ನಂಬಿಕೆಯಿಲ್ಲ. ಆರಿದ್ದಕ್ಕೆ ಹೊಟ್ಟೆಯಡಿ ಬೆಂಕಿ ಹಾಕಿ ಕಾಯಿಸಬೇಕು. ಎಣ್ಣೆ ಸುರಿದುಹೋಗುವ ದುಂದು ನಿಜವೇ. ಆದರೆ ಲಾರಿ ನಿಂತರೆ ಶಿಬಿರಕ್ಕೆ ಊಟವೂ ನಿಂತಂತೆ.

ಈ ಬೆಂಕಿಯ ಗೋಳಿಗೆ ಉಪಾಯ ಹುಡುಕಿದವರಲ್ಲಿ ಉತ್ತರ ಡಕೋಟಾದ ಆಂಡ್ರ್ಯೂ ಫ್ರೀಮನ್ ಒಬ್ಬ. ಹಳ್ಳಿಗಳಿಗೆ ವಿದ್ಯುತ್ ಕೊಡುವ ಸಹಕಾರ ಸಂಘ ನಡೆಸುತ್ತಿದ್ದವನು. ಎಂಜಿನಿನ ಬೋಲ್ಟಿನೊಳಗೇ ವಿದ್ಯುತ್ ಹೀಟರ್ ಇಟ್ಟು, 1949ರಲ್ಲಿ ಪೇಟೆಂಟು ಪಡೆದ. ಇಂದಿಗೂ ಕೆನಡಾದ ಚಳಿಯೂರುಗಳಲ್ಲಿ ದನವನ್ನು ಗೂಟಕ್ಕೆ ಕಟ್ಟಿದ ಹಾಗೆ ವಾಹನಗಳನ್ನು ಕರೆಂಟಿನ ಕಂಬಕ್ಕೆ ವೈರಿನಿಂದ ಕಟ್ಟಿರುತ್ತಾರೆ.

ಈಗಿನ ಎಂಜಿನುಗಳಿಗೆ ಗಂಟೆಗಟ್ಟಲೆ ಸುಮ್ಮನೆ ಓಡುವ ಅಗತ್ಯವಿಲ್ಲ. ಹಾಗೆ ಓಡಿದರೆ ಅರೆಬೆಂದ ಎಣ್ಣೆ ಸಿಲಿಂಡರಿನ ಗೋಡೆಯ ಕೀಲೆಣ್ಣೆಯನ್ನು ತೊಳೆದುಹಾಕುತ್ತದೆ. ನಮ್ಮ ಟ್ರಾಕ್ಟರಾದರೂ ಅಷ್ಟೆ: ಒಂದೆರಡು ನಿಮಿಷ ಓಡಲಿ, ಆಮೇಲೆ ಮೆಲ್ಲಗೆ ಭಾರ ಹಾಕಿ.

ನಮ್ಮ ದೇಶದಲ್ಲೇ ಲಡಾಖಿನ ಚಳಿಗಾಲಕ್ಕೆ ಸಾಮಾನ್ಯ ಡೀಸೆಲ್ ಸಾಲದು. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಬೇರೆ ಡೀಸೆಲ್ ತಂದಿತು. ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹರಿಯುತ್ತದೆ.