ನಕ್ಷತ್ರ ಹತ್ತಿರ, ಪಂಪ್‌ಸೆಟ್ ದೂರ

ವಿಜ್ಞಾನ ಓದದವರಿಗೆ ಭೌತವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಕೆಲಸ ಶುರುವಾಗಿ ನೂರು ವರ್ಷ ದಾಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಡನೆ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಈಗ ಹಾವೇರಿ ಜಿಲ್ಲೆಯಲ್ಲಿರುವ ಹೊಸರಿತ್ತಿ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಮೈಸೂರು ಸೀಮೆಯ ಉತ್ಸಾಹಕ್ಕೂ ಹೊಸರಿತ್ತಿಯ ವರದಾ ನದಿಯ ದಂಡೆಗೂ ನಡುವೆ ಗಡಿಯೊಂದು ಬಿದ್ದಿತ್ತು.

ಮುಂದಿನವರು ಕತ್ತೆತ್ತಿ ಮೇಲೆ ನೋಡಿದರು. ಆರ್.ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’ ಬಂತು. ಗಣಿತದ ಮೇಷ್ಟ್ರಾಗಿದ್ದ ಜಿ.ಟಿ. ನಾರಾಯಣ ರಾವ್ ನಕ್ಷತ್ರ, ಕೃಷ್ಣವಿವರ, ಐನ್‌ಸ್ಟೈನ್ ಎಂದು ಬರೆದದ್ದೇ ಬರೆದದ್ದು. ಆಕಾಶವನ್ನೇ ಆರಿಸಿಕೊಂಡದ್ದು ಸಹಜವೂ ಹೌದು. ಅದಕ್ಕೆ ಪ್ರಯೋಗಾಲಯ ಬೇಡ, ಮಾಳಿಗೆ ಸಾಕು. ಅಶ್ವಿನಿ, ಕೃತ್ತಿಕೆಯ ಹೆಸರು ಓದುಗರಿಗೆ ಮೊದಲೇ ಗೊತ್ತು. ಆಕಾಶ ಬಿಟ್ಟರೆ ಕೈಗೆ ಬಂದದ್ದು ಪರಮಾಣು. ರಸಾಯನವಿಜ್ಞಾನದ ಅಧ್ಯಾಪಕ ಜೆ.ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ ಬರೆದರು. ಇವರೆಲ್ಲರ ನಡುವೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಕೂತು ಮುಗಿಸಿದರು. ಇಂದಿಗೂ ನಂಬಲಾಗದ ಹಟ ಅದು.

ಕನ್ನಡ ನಾಡಿನ ಉತ್ತರ ಭಾಗದಲ್ಲಿ ಈ ಕೆಲಸಕ್ಕೆ ಬಲ ಬಂದದ್ದು 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ. 1954ರಿಂದ 1967ರವರೆಗೆ ಅದರ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಸ್ವತಃ ಗಣಿತಜ್ಞರು. ಅಲ್ಲಿಂದ ಹೊರಟ ಉಪನ್ಯಾಸ ಗ್ರಂಥಮಾಲೆಯ ಪುಸ್ತಿಕೆಗಳು ಅಂಗಿಯ ಜೇಬಿಗೆ ಹಿಡಿಯುವಷ್ಟು ಸಣ್ಣವು, ಅಗ್ಗದವು. ಊರೂರಿನ ಶಾಲೆಗಳಿಗೆ ಹೆಚ್ಚು ಒದಗಿದ್ದು ಮಾತ್ರ 1978ರಲ್ಲಿ ಶುರುವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂತು. ಲಕ್ಷ್ಮಣರಾಯರು, ಮಂಗಳೂರಿನ ಅಡ್ಯನಡ್ಕ ಕೃಷ್ಣಭಟ್ ಅಂಥವರು ಅದನ್ನು ತಿದ್ದಿ ತೀಡಿದರು. ಹೆಸರಿಗೆ ಮಕ್ಕಳದ್ದು, ಎಷ್ಟೋ ಮನೆಯಲ್ಲಿ ದೊಡ್ಡವರೇ ಮೊದಲು ಓದಿದ್ದಾರೆಂದು ನನ್ನ ಅನುಮಾನ. ಈಚೆಗೆ ಪಾಲಹಳ್ಳಿ ವಿಶ್ವನಾಥ್ ‘ಕಣ ಕಣ ದೇವಕಣ’ದಲ್ಲಿ ಹಿಗ್ಸ್ ಬೋಸಾನ್ ಎಂಬ ಕಣವನ್ನೂ ಕನ್ನಡಕ್ಕೆ ತಂದರು.

ಅತಿ ದೊಡ್ಡದೂ ಬಂತು, ಅತಿ ಸಣ್ಣದೂ ಬಂತು. ನಡುವಿನದು, ಅಂದರೆ ಒತ್ತಡ, ಉಷ್ಣ, ಘರ್ಷಣೆ, ಶಾಲೆಯ ಪಠ್ಯದ ಪಾಲಾಯಿತು. ದೊಡ್ಡವರಿಗಾಗಿ ಇವುಗಳ ಮೇಲೆ ಯಾರೂ ಬರೆದೇ ಇಲ್ಲ ಎನ್ನಲಾರೆ. ಆದರೆ ಸೊಗಸು, ಶ್ರಮ ಎಲ್ಲ ಹರಿದದ್ದು ಮೇಲಕ್ಕೆ.

ಹೊಸರಿತ್ತಿಯ ಹೊಳೆದಂಡೆಯನ್ನೇ ನೋಡಿ. ಬೇಸಿಗೆಯಲ್ಲಿ ವರದೆಯ ನೀರು ತಳಕ್ಕಿಳಿದರೆ ದಂಡೆಯ ಮೇಲಿನ ಪಂಪ್‌ಸೆಟ್ ನೀರೆತ್ತುವುದಿಲ್ಲ. ಇನ್ನೂ ಹೆಚ್ಚು ಎಚ್.ಪಿ.ಯ ಮೋಟಾರು ತಂದರೂ ಅಷ್ಟೇ. ಪಂಪು ನೀರನ್ನು ಮೇಲಕ್ಕೆ ಎಳೆಯುವುದೇ ಇಲ್ಲ; ಪೈಪಿನೊಳಗೆ ಒತ್ತಡ ಇಳಿಸುತ್ತದೆ. ನೀರನ್ನು ಮೇಲಕ್ಕೆ ನೂಕುವುದು ಹೊಳೆಯ ಮೇಲೆ ಕೂತಿರುವ ಗಾಳಿ. ಸಮುದ್ರಮಟ್ಟದಲ್ಲಿ ಗಾಳಿ ಹೊರಬಲ್ಲ ನೀರಿನ ಕಂಬ ಸುಮಾರು 10.3 ಮೀಟರ್. ಹಾವೇರಿ ಸೀಮೆ ಐನೂರು ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅದು ಹತ್ತಕ್ಕೂ ಕಡಿಮೆಯಾಗುತ್ತದೆ. ಪೈಪಿನ ಘರ್ಷಣೆ, ಫುಟ್‌ವಾಲ್ವಿನ ತಡೆ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ಅದಕ್ಕೇ ಮೋಟಾರನ್ನು ಕೆಳಕ್ಕೆ, ನೀರಿನ ಹತ್ತಿರಕ್ಕೆ ಇಳಿಸುತ್ತಾರೆ. ಇದೇ ಮಿತಿಯನ್ನು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದ, ಕಾರಣ ಮಾತ್ರ ತಪ್ಪಾಗಿ ಹೇಳಿದ್ದ. ಅವನ ಶಿಷ್ಯ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಕಂಬ 76 ಸೆಂಟಿಮೀಟರಿಗೆ ನಿಂತಿತು. ನಾವು ಗಾಳಿಯ ಕಡಲಿನ ತಳದಲ್ಲಿ ಬದುಕಿದ್ದೇವೆಂದು 1644ರ ಪತ್ರದಲ್ಲಿ ಅವನು ಬರೆದ.

ಬೋರ್‌ವೆಲ್ಲಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪಿಗೆ ಈ ಕಟ್ಟು ಇಲ್ಲ. ಅದು ನೀರಿನೊಳಗೇ ಇದ್ದು ಕೆಳಗಿನಿಂದ ನೂಕುತ್ತದೆ. ಆದರೆ ಎತ್ತರ ಹೆಚ್ಚಿದಷ್ಟೂ ಕರೆಂಟು ತಿನ್ನುತ್ತದೆ: ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಕನಿಷ್ಠ 0.27 ಯೂನಿಟ್ ಬೇಕು, ಪಂಪು ಮೋಟಾರುಗಳ ನಷ್ಟ ಸೇರಿದರೆ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ದೊಡ್ಡವರಿಗಾಗಿ ಆ ನಡುವಿನ ಭೌತವಿಜ್ಞಾನ ಬರೆಯುವವರು ಶಕ್ತಿಯ ಅಧ್ಯಾಯವನ್ನು ಇಲ್ಲಿಂದಲೇ ಶುರುಮಾಡಬಹುದು.